ವೆಬ್‌ರಿಂಗ್: ಕೊಂಡಿ ಎಲ್ಲರದು, ಪಟ್ಟಿ ಯಾರದು?

ಒಂದೇ ಆಸಕ್ತಿಯ ಹಲವು ಸ್ವತಂತ್ರ ಜಾಲತಾಣಗಳು ತಮ್ಮ ಪುಟದಲ್ಲಿ ‘ಹಿಂದಿನದು’, ‘ಮುಂದಿನದು’ ಎಂಬ ಎರಡು ಕೊಂಡಿ ಹಾಕಿಕೊಂಡು ವರ್ತುಲವಾಗಿ ಸೇರುವ ಏರ್ಪಾಟಿಗೆ ವೆಬ್‌ರಿಂಗ್ ಎನ್ನುತ್ತಾರೆ. ‘ಮುಂದಿನದು’ ಒತ್ತುತ್ತಾ ಹೋದರೆ ಎಲ್ಲ ಸದಸ್ಯರ ತಾಣಗಳನ್ನೂ ಹಾದು ಹೊರಟಲ್ಲಿಗೇ ಬಂದು ಸೇರುತ್ತೀರಿ. ಎಷ್ಟೋ ರಿಂಗ್‌ಗಳಲ್ಲಿ ‘ಯಾವುದಾದರೊಂದು’ ಎಂಬ ಮೂರನೇ ಕೊಂಡಿಯೂ ಇರುತ್ತದೆ. ನಡುವೆ ಹುಡುಕುಯಂತ್ರವಿಲ್ಲ, ಶಿಫಾರಸು ಮಾಡುವ ಆಲ್ಗರಿದಮ್ ಇಲ್ಲ, ಲೈಕ್ ಎಣಿಕೆಯೂ ಇಲ್ಲ. ಕೋಡ್ ಬರೆದು ಚಿತ್ರ, ಚಲನೆ, ಸದ್ದು ಮೂಡಿಸುವ ಕ್ರಿಯೇಟಿವ್ ಕೋಡರ್‌ಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅವರ ಕೃತಿ ಬ್ರೌಸರ್‌ನಲ್ಲೇ ಓಡಬೇಕು, ನೋಡುವವರ ಬೆರಳಿಗೆ ಸ್ಪಂದಿಸಬೇಕು. ಸೋಷಿಯಲ್ ಮೀಡಿಯಾಕ್ಕೆ ಏರಿಸಿದರೆ ಅದು ಹದಿನೈದು ಸೆಕೆಂಡಿನ ವಿಡಿಯೊ ಆಗಿ ಉಳಿದುಬಿಡುತ್ತದೆ.

ಈ ಏರ್ಪಾಟು ಹೊಸದಲ್ಲ. 1994ರಲ್ಲಿ ಡೆನಿಸ್ ಹೌ ‘ಯುರೋಪಾ’ ಎಂಬ ಏಕಮುಖ ವರ್ತುಲವನ್ನು ಆರಂಭಿಸಿದರು. 1995ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಸೇಜ್ ವೈಲ್ ಎಂಬ ಹದಿಹರೆಯದ ಹುಡುಗ ಇದನ್ನು ಒಂದು ಕೇಂದ್ರ ಸರ್ವರ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಂ ಆಗಿಸಿದ. ಸದಸ್ಯರ ಪಟ್ಟಿ ಅಲ್ಲೇ ಇರುತ್ತಿತ್ತು, ಎಲ್ಲ ಕೊಂಡಿಗಳೂ ಅಲ್ಲಿಗೇ ಹೋಗಿ ಮುಂದಕ್ಕೆ ತಿರುಗುತ್ತಿದ್ದವು. 1997ರಲ್ಲಿ ವೈಲ್‌ನ ಆ ವ್ಯವಸ್ಥೆ ಸ್ಟಾರ್‌ಸೀಡ್ ಕಂಪನಿಗೆ ಮಾರಾಟವಾಯಿತು, 1998ರಲ್ಲಿ ಸ್ಟಾರ್‌ಸೀಡನ್ನು ಜಾಲತಾಣಗಳಿಗೆ ಉಚಿತ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ ಕೊಂಡಿತು, 1999ರಲ್ಲಿ ಜಿಯೋಸಿಟೀಸನ್ನು ಯಾಹೂ ಕೊಂಡಿತು. 2000ದಲ್ಲಿ ಯಾಹೂ ವ್ಯವಸ್ಥೆಯನ್ನೇ ಬದಲಿಸಿ, ಮರುವರ್ಷ ಕೈಬಿಟ್ಟಿತು. ಆ ಹೊತ್ತಿಗೆ ಅನೇಕ ರಿಂಗ್‌ಗಳ ನಿರ್ವಾಹಕರು ಬೇಸತ್ತು ಹೊರನಡೆದಿದ್ದರು. ಸದಸ್ಯರ ಪುಟಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಅವುಗಳನ್ನು ಪೋಣಿಸಿದ್ದ ಪಟ್ಟಿ ಮಾತ್ರ ಬೇರೆಯವರ ಕೈಯಲ್ಲಿತ್ತು. ಇಂದು ರಿಂಗ್ ಕಟ್ಟುವವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಕೋಡ್ ಇಪ್ಪತ್ತು ಸಾಲಿನದು, ಅದೇನೂ ಕಷ್ಟವಲ್ಲ.

ರಿಂಗ್‌ಗೆ ಬೇಕಾದ ಮೂಲ ವಸ್ತು ಒಂದು ಜೇಸನ್ ಫೈಲ್, ಎಂದರೆ ಪ್ರೋಗ್ರಾಂಗಳು ಸುಲಭವಾಗಿ ಓದಬಲ್ಲ ಸಾದಾ ಪಠ್ಯದ ಪಟ್ಟಿ. ಪ್ರತಿ ಸದಸ್ಯರಿಗೆ ಅದರಲ್ಲಿ ನಾಲ್ಕು ವಿವರ ಸಾಕು: ಸ್ಲಗ್ (ತಾಣವನ್ನು ಗುರುತಿಸುವ, ಎಂದೂ ಬದಲಾಗದ ಚಿಕ್ಕ ಹೆಸರು), ತಾಣದ ಹೆಸರು, ವಿಳಾಸ, ಆರ್‌ಎಸ್‌ಎಸ್ ಫೀಡ್ (ತಾಣದ ಹೊಸ ಬರಹಗಳನ್ನು ಓದುಗರಿಗೆ ಮುಟ್ಟಿಸುವ ಫೈಲ್) ಇದ್ದರೆ ಅದರ ವಿಳಾಸ. ಮುಂದಿನ ತಾಣ ಯಾವುದೆಂದು ತಿಳಿಯಲು ಈಗಿನ ಕ್ರಮಸಂಖ್ಯೆಗೆ (ಎಣಿಕೆ ಸೊನ್ನೆಯಿಂದ ಶುರು) ಒಂದು ಕೂಡಿಸಿ, ಒಟ್ಟು ಸದಸ್ಯರ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ತೆಗೆದುಕೊಳ್ಳಬೇಕು. ಹಿಂದಿನದಕ್ಕೆ ಒಂದು ಕಳೆದರೆ ಆಯಿತಲ್ಲ ಎಂದುಕೊಂಡವರು ಎಡವುವುದು ಇಲ್ಲೇ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೈನಸ್ ಒಂದನ್ನು ಐದರಿಂದ ಭಾಗಿಸಿದರೆ ಶೇಷ ಮೈನಸ್ ಒಂದೇ ಬರುತ್ತದೆ, ನಾಲ್ಕಲ್ಲ. ಹಾಗಾಗಿ ಪಟ್ಟಿಯ ಮೊದಲ ಸದಸ್ಯರ ‘ಹಿಂದಿನದು’ ಕೊಂಡಿ ಮಾತ್ರ ಕೆಟ್ಟಿರುತ್ತದೆ, ಉಳಿದವರದ್ದೆಲ್ಲ ಸರಿ ಇರುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕಳೆದ ಮೇಲೆ ಒಟ್ಟು ಸಂಖ್ಯೆಯನ್ನು ಕೂಡಿಸಿ, ಆಮೇಲೆ ಶೇಷ ತೆಗೆದರೆ ತೊಂದರೆಯಿಲ್ಲ.

ಈ ಲೆಕ್ಕ ಎಲ್ಲಿ ನಡೆಯಬೇಕು ಎನ್ನುವುದಕ್ಕೆ ಮೂರು ದಾರಿಗಳಿವೆ. ಸರ್ವರ್ ಇದ್ದರೆ ಅದೇ ಲೆಕ್ಕ ಹಾಕಿ ರೀಡೈರೆಕ್ಟ್ ಮಾಡಬಹುದು, ಎಂದರೆ ಓದುಗರನ್ನು ಮುಂದಿನ ವಿಳಾಸಕ್ಕೆ ತಿರುಗಿಸಬಹುದು. ಆಗ ಸರ್ವರ್ ಬ್ರೌಸರ್‌ಗೆ ಕಳಿಸಬೇಕಾದ್ದು 302 (ತಾತ್ಕಾಲಿಕ) ಸಂಕೇತ, 301 ಅಲ್ಲ. 301 ಎಂದರೆ ಶಾಶ್ವತ ಬದಲಾವಣೆ; ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನಡುವೆ ಹೊಸ ಸದಸ್ಯರು ಸೇರಿದರೂ ಹಳೆಯ ಓದುಗರು ಅವರನ್ನು ದಾಟಿ ಹಳೆಯ ತಾಣಕ್ಕೇ ಹೋಗುತ್ತಿರುತ್ತಾರೆ. ಸರ್ವರ್ ಬೇಡವೆಂದರೆ ಪ್ರತಿ ಸದಸ್ಯರಿಗೆ ಎರಡು ಪುಟಾಣಿ ಎಚ್‌ಟಿಎಂಎಲ್ ಪುಟಗಳನ್ನು ಮೊದಲೇ ತಯಾರಿಸಿಟ್ಟು, ಮೆಟಾ ರಿಫ್ರೆಶ್ (ಪುಟ ತೆರೆದೊಡನೆ ಬೇರೆ ವಿಳಾಸಕ್ಕೆ ಹೋಗೆಂದು ಬ್ರೌಸರ್‌ಗೆ ಹೇಳುವ ಸಾಲು) ಮೂಲಕ ಮುಂದಕ್ಕೆ ಕಳಿಸಬಹುದು. ನಲವತ್ತು ಸದಸ್ಯರಿಗೆ ಎಂಬತ್ತು ಪುಟ. ಪಟ್ಟಿ ಬದಲಾದಾಗಲೆಲ್ಲ ಸ್ಕ್ರಿಪ್ಟ್ ಓಡಿಸಿ ಎಲ್ಲವನ್ನೂ ಮತ್ತೆ ಬರೆಸಿದರಾಯಿತು. ‘ಯಾವುದಾದರೊಂದು’ ಕೊಂಡಿಗೆ ಮಾತ್ರ ಸ್ವಲ್ಪ ಜಾವಾಸ್ಕ್ರಿಪ್ಟ್ ಬೇಕಾಗುತ್ತದೆ. ನಮ್ಮ ಮಟ್ಟಿಗೆ ಇದೇ ಒಳ್ಳೆಯ ದಾರಿ: ಯಾವ ಉಚಿತ ಹೋಸ್ಟಿಂಗ್‌ನಲ್ಲಾದರೂ ನಡೆಯುತ್ತದೆ, ಫೋಲ್ಡರ್ ಎತ್ತಿಕೊಂಡು ಇನ್ನೊಂದು ಕಡೆ ಇಟ್ಟರೆ ಅಲ್ಲೂ ನಡೆಯುತ್ತದೆ.

ಮೂರನೆಯದು, ಎಲ್ಲ ಸದಸ್ಯರೂ ರಿಂಗ್‌ನ ಡೊಮೈನ್‌ನಿಂದ (ತಾಣಕ್ಕಾಗಿ ನೋಂದಾಯಿಸಿದ ಹೆಸರು) ಒಂದು ಸ್ಕ್ರಿಪ್ಟ್ ಎಳೆದುಕೊಳ್ಳುವ ವಿಜೆಟ್, ಎಂದರೆ ಪುಟಕ್ಕೆ ಅಂಟಿಸುವ ಪುಟ್ಟ ತುಣುಕು. ಅಂಟಿಸುವುದು ಸುಲಭ, ಅಪಾಯವೂ ಇದರಲ್ಲೇ ಹೆಚ್ಚು. ಬೇರೆ ಡೊಮೈನ್‌ನ ಸ್ಕ್ರಿಪ್ಟ್‌ಗೆ ನಿಮ್ಮ ಪುಟದಲ್ಲಿ ಏನು ಬೇಕಾದರೂ ಮಾಡುವ ಅಧಿಕಾರವಿರುತ್ತದೆ. ನಿರ್ವಾಹಕರು ಡೊಮೈನ್ ನವೀಕರಿಸಲು ಮರೆತು, ಅದನ್ನು ಇನ್ಯಾರೋ ಕೊಂಡರೆ, ಒಂದೇ ಏಟಿಗೆ ಎಲ್ಲ ಸದಸ್ಯರ ಪುಟಗಳಲ್ಲೂ ಅವರ ಕೋಡ್ ಓಡುತ್ತದೆ. ಸ್ಕ್ರಿಪ್ಟನ್ನು ನಿಮ್ಮ ತಾಣದಲ್ಲೇ ಇಟ್ಟುಕೊಂಡು ಜೇಸನ್ ಪಟ್ಟಿಯನ್ನಷ್ಟೇ ತರಿಸಿಕೊಳ್ಳುವುದು ವಾಸಿ. ಪಟ್ಟಿ ಇರುವ ಸರ್ವರ್ ಬೇರೆ ಡೊಮೈನ್‌ಗಳಿಗೆ ಓದಲು ಅನುಮತಿ ಕೊಡುವ ಹೆಡರ್ (ಫೈಲ್ ಜೊತೆ ಹೋಗುವ ಸೂಚನೆ) ಕಳಿಸದಿದ್ದರೆ ಬ್ರೌಸರ್ ಅದನ್ನು ತಡೆಯುತ್ತದೆ. ‘ನನ್ನ ಕಂಪ್ಯೂಟರ್‌ನಲ್ಲಿ ಪಟ್ಟಿ ಬರುತ್ತಿತ್ತು, ತಾಣದಲ್ಲಿ ಬರುತ್ತಿಲ್ಲ’ ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಏನೇ ಆದರೂ ವಿಜೆಟ್‌ನ ಒಳಗೆ ಸಾದಾ ಕೊಂಡಿಗಳು ಮೊದಲೇ ಇರಲಿ. ಸ್ಕ್ರಿಪ್ಟ್ ಓಡದಿದ್ದರೂ ರಿಂಗ್ ತುಂಡಾಗಬಾರದು.

ಹಳೆಯ ಮಾದರಿ ನೋಡಿ ಕಟ್ಟುವವರು ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಓದುಗರು ಯಾವ ಸದಸ್ಯರ ಪುಟದಿಂದ ಬಂದರೆಂದು ರೆಫರರ್ ಹೆಡರ್ (ಹಿಂದಿನ ಪುಟದ ವಿಳಾಸವನ್ನು ಬ್ರೌಸರ್ ತಿಳಿಸುವ ಸೂಚನೆ) ನೋಡಿ ತಿಳಿಯುವ ಕ್ರಮ ಒಂದಿದೆ. ಈಗಿನ ಬ್ರೌಸರ್‌ಗಳು ಬೇರೆ ತಾಣಕ್ಕೆ ಹೋಗುವಾಗ ಪೂರ್ತಿ ವಿಳಾಸವನ್ನು ಕೊಡುವುದಿಲ್ಲ, ಡೊಮೈನ್ ಅಷ್ಟೇ ಹೇಳುತ್ತವೆ. ಒಂದೇ ಡೊಮೈನ್‌ನ ಕೆಳಗೆ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಪುಟ ಇಟ್ಟಿರುವ ಇಬ್ಬರು ಸದಸ್ಯರು ಆಗ ಒಬ್ಬರೇ ಎಂಬಂತೆ ಕಾಣುತ್ತಾರೆ. ರೆಫರರ್ ಕಳಿಸಲೇಬಾರದೆಂದು ತಾಣದಲ್ಲಿ ಹೇಳಿಟ್ಟವರು ಕಾಣುವುದೇ ಇಲ್ಲ. ಅದಕ್ಕೇ ಸ್ಲಗ್ ಕೊಂಡಿಯ ವಿಳಾಸದಲ್ಲೇ ಇರಬೇಕು.

ಕಟ್ಟಿದ ಮೇಲೆ ಉಳಿಯುವ ಕೆಲಸ ಎಂದರೆ ಸತ್ತ ಕೊಂಡಿಗಳನ್ನು ಕಾಯುವುದು. ವಾರಕ್ಕೊಮ್ಮೆ ಸ್ಕ್ರಿಪ್ಟ್ ಓಡಿಸಿದರೆ ಸಾಕು, ಆದರೆ 200 ಸಂಕೇತ (ಪುಟ ಸಿಕ್ಕಿತು ಎಂಬ ಉತ್ತರ) ಬಂತೆಂದು ನೆಮ್ಮದಿಯಾಗಬೇಡಿ. ಅವಧಿ ಮುಗಿದು ಜಾಹೀರಾತು ತುಂಬಿಕೊಂಡ ಡೊಮೈನ್ ಕೂಡ 200 ಎಂದೇ ಹೇಳುತ್ತದೆ. ಸದಸ್ಯರ ಪುಟದಲ್ಲಿ ರಿಂಗ್‌ನ ಕೊಂಡಿ ನಿಜಕ್ಕೂ ಇದೆಯೇ ಎಂದು ಹುಡುಕಬೇಕು. ಕೊಂಡಿಯನ್ನು ಜಾವಾಸ್ಕ್ರಿಪ್ಟ್ ಮೂಡಿಸುತ್ತಿದ್ದರೆ ಈ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಸಾದಾ ಕೊಂಡಿ ಇರಲಿ ಎಂದದ್ದಕ್ಕೆ ಇದೂ ಒಂದು ಕಾರಣ. ಪುಟ ತರಿಸದೆ ಹೆಡರ್ ಮಾತ್ರ ಕೇಳುವ ಹೆಡ್ ವಿನಂತಿಯನ್ನು ಕೆಲವು ಸರ್ವರ್‌ಗಳು 405 (ಈ ವಿಧಾನಕ್ಕೆ ಅವಕಾಶವಿಲ್ಲ) ಎಂದು ತಿರಸ್ಕರಿಸುತ್ತವೆ, ಆದ್ದರಿಂದ ಪೂರ್ತಿ ಪುಟ ತರಿಸುವ ಗೆಟ್ ಬಳಸಿ. ಒಮ್ಮೆ ಸೋತ ತಾಣವನ್ನು ಕೂಡಲೇ ತೆಗೆಯಬಾರದು. ಮೂರು ವಾರ ಸತತವಾಗಿ ಸೋತರೆ ಪಟ್ಟಿಯಲ್ಲಿ ‘ವಿರಾಮ’ ಎಂದು ಗುರುತು ಹಾಕಿ, ಲೆಕ್ಕದಿಂದ ಹೊರಗಿಟ್ಟು, ಅವರಿಗೆ ಪತ್ರ ಬರೆಯಿರಿ. ಸ್ಲಗ್ ಅಳಿಸದಿದ್ದರೆ ಮರಳಿ ಸೇರಿಸುವುದು ಒಂದು ಪದದ ಕೆಲಸ.

ಕ್ರಿಯೇಟಿವ್ ಕೋಡಿಂಗ್ ರಿಂಗ್‌ನಲ್ಲಿ ಸದಸ್ಯರ ಪುಟವೂ ಸ್ವಲ್ಪ ಸಂಯಮದಿಂದ ಇರಬೇಕು. ‘ಮುಂದಿನದು’ ಒತ್ತಿ ಬಂದವರಿಗೆ ತಾವೆಲ್ಲಿಗೆ ಬಂದೆವೆಂದು ಗೊತ್ತಿರುವುದಿಲ್ಲ. ಭಾರದ ಶೇಡರ್ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡಿ ಚಿತ್ರ ಮೂಡಿಸುವ ಕೋಡ್) ಒಂದು ತಾನಾಗಿ ಓಡತೊಡಗಿದರೆ ಫೋನ್ ಬಿಸಿಯಾಗಿ ಟ್ಯಾಬ್ ಮುಚ್ಚುತ್ತಾರೆ, ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಒಂದು ಸ್ಥಿರಚಿತ್ರ, ‘ಶುರು ಮಾಡಿ’ ಬಟನ್, ಅದರ ಕೆಳಗೆ ರಿಂಗ್‌ನ ಕೊಂಡಿಗಳು, ಇಷ್ಟಿರಲಿ. ಸದ್ದಿಗೂ ಈ ಬಟನ್ ಬೇಕೇ ಬೇಕು, ಓದುಗರು ಒತ್ತುವವರೆಗೆ ಬ್ರೌಸರ್ ಆಡಿಯೊ ಬಿಡುವುದಿಲ್ಲ. ಪಿ5.ಜೆಎಸ್ ಎಂಬ ಕ್ರಿಯೇಟಿವ್ ಕೋಡಿಂಗ್ ಲೈಬ್ರರಿ ಬಳಸುವವರು ಆವೃತ್ತಿಯ ಸಂಖ್ಯೆ ನಮೂದಿಸಿದ ಫೈಲನ್ನು ತಮ್ಮ ತಾಣದಲ್ಲೇ ಇಟ್ಟುಕೊಳ್ಳಲಿ. 2025ರಲ್ಲಿ ಬಂದ 2.0 ಆವೃತ್ತಿಯಲ್ಲಿ ಪ್ರಿಲೋಡ್ (ಚಿತ್ರ, ಸದ್ದಿನ ಫೈಲುಗಳನ್ನು ಮೊದಲೇ ತರಿಸಿಕೊಳ್ಳುವ) ಫಂಕ್ಷನ್ ಇಲ್ಲ; ‘ಇತ್ತೀಚಿನ ಆವೃತ್ತಿ’ ಎಂದು ಹೊರಗಿನಿಂದ ಎಳೆದುಕೊಳ್ಳುವ ಹಳೆಯ ಸ್ಕೆಚ್ (ಪಿ5.ಜೆಎಸ್‌ನಲ್ಲಿ ಬರೆದ ಕೃತಿ), ಅದರಲ್ಲಿ ಒಂದಕ್ಷರ ಬದಲಾಗದಿದ್ದರೂ, ಇಂಥ ಕಡೆ ಮುರಿದುಬೀಳುತ್ತದೆ.

ಇನ್ನು ಒಡೆತನ. ಪಟ್ಟಿಯನ್ನು ಎಲ್ಲರಿಗೂ ಕಾಣುವ ಗಿಟ್ ರೆಪಾಸಿಟರಿಯಲ್ಲಿ (ಪ್ರತಿ ಬದಲಾವಣೆಯ ದಾಖಲೆ ಉಳಿಸುವ ಸಂಗ್ರಹ) ಇಟ್ಟು, ಬದಲಿಸುವ ಅಧಿಕಾರವನ್ನು ಕನಿಷ್ಠ ಇಬ್ಬರಿಗೆ, ಸಾಧ್ಯವಾದರೆ ಮೂವರಿಗೆ ಕೊಡಬೇಕು. ಸೇರಲು ಪುಲ್ ರಿಕ್ವೆಸ್ಟ್ (ಗಿಟ್‌ನಲ್ಲಿ ಬದಲಾವಣೆ ಸೂಚಿಸಿ ಒಪ್ಪಿಗೆ ಕೇಳುವುದು) ಒಂದೇ ದಾರಿಯಾದರೆ ಗಿಟ್ ಬಾರದ ಕಲಾವಿದರು ಹೊರಗುಳಿಯುತ್ತಾರೆ. ಇಮೇಲ್‌ನಲ್ಲಿ ಬಂದ ಅರ್ಜಿಯೂ ನಡೆಯಲಿ. ಯಾರನ್ನು ಸೇರಿಸುತ್ತೇವೆ, ಯಾಕೆ ತೆಗೆಯುತ್ತೇವೆ ಎಂಬುದನ್ನು ಐದಾರು ಸಾಲಿನಲ್ಲಿ ಬರೆದಿಟ್ಟರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಡೊಮೈನ್ ಒಬ್ಬರ ಹೆಸರಿನಲ್ಲೇ ಇರುತ್ತದೆ. ಪಟ್ಟಿಯ ನಕಲು ಹತ್ತು ಕಡೆ ಇದ್ದರೂ ಸದಸ್ಯರ ಕೊಂಡಿಗಳೆಲ್ಲ ಆ ಡೊಮೈನ್‌ನತ್ತಲೇ ಬೊಟ್ಟು ಮಾಡುತ್ತವೆ. ಅದು ಹೋದರೆ ಪ್ರತಿಯೊಬ್ಬರೂ ತಮ್ಮ ಪುಟ ತಿದ್ದಬೇಕು. ಯುರೋಪಾದಂತೆ ಪಕ್ಕದವರಿಗೆ ನೇರವಾಗಿ ಕೊಂಡಿ ಹಾಕಿದರೆ ಈ ತೊಂದರೆ ಇಲ್ಲ, ಆದರೆ ಒಬ್ಬರು ಬಿಟ್ಟುಹೋದರೆ ಅಲ್ಲೇ ಕಡಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಅಡ್ಡಿಯೇನಿಲ್ಲ. ರಿಂಗ್‌ನ ಕೊಂಡಿಗಳ ಕೆಳಗೆ ಮುಂದಿನ ಇಬ್ಬರು ಸದಸ್ಯರ ನೇರ ವಿಳಾಸ ಹಾಕಿ, ಪಟ್ಟಿಯ ಒಂದು ಪ್ರತಿಯನ್ನು ನಿಮ್ಮ ತಾಣದಲ್ಲೂ ಇಟ್ಟು, ಆರು ತಿಂಗಳಿಗೊಮ್ಮೆ ಹೊಸದರಿಂದ ಬದಲಿಸಿ. ಡೊಮೈನ್ ಸತ್ತ ದಿನ ಆ ಪ್ರತಿ ಇರುವ ಯಾರಾದರೂ ಇನ್ನೊಂದು ವಿಳಾಸದಲ್ಲಿ ರಿಂಗ್ ಎಬ್ಬಿಸಬಹುದು, ಉಳಿದವರಿಗೆ ಸುದ್ದಿ ಮುಟ್ಟಿಸಲು ಫೀಡ್‌ಗಳ ವಿಳಾಸವೂ ಅದರಲ್ಲೇ ಇರುತ್ತದೆ.