ಚೀಟಿಯಿಲ್ಲದ ಹೂವು ಬರೀ ಒಣಹುಲ್ಲು

ಹಾಳೆಗೆ ಅಂಟಿಸಿದ ಒಣಗಿಡವನ್ನು ತೋರಿಸಿದರೆ ಎಲ್ಲರೂ ಹೂವನ್ನು ನೋಡುತ್ತಾರೆ. ಒಣಗಿಸಿದ ಗಿಡಗಳನ್ನು ಕಾಪಿಡುವ ಸಂಗ್ರಹಾಲಯದಲ್ಲಿ, ಅಂದರೆ ಹರ್ಬೇರಿಯಂನಲ್ಲಿ, ದುಡಿಯುವ ನಮ್ಮ ಕಣ್ಣು ಮಾತ್ರ ಕೆಳಮೂಲೆಯ ಚೀಟಿಗೆ ಹೋಗುತ್ತದೆ: ಎಲ್ಲಿ, ಎಂದು, ಯಾರು ಕಿತ್ತದ್ದು?

ಆಸ್ಟ್ರೇಲಿಯಾದ ಒಣಭೂಮಿಯ ‘ಸ್ಟರ್ಟ್ ಮರುಭೂಮಿ ಬಟಾಣಿ’ಯನ್ನೇ ನೋಡಿ. ನೆಲಕ್ಕೆ ಒರಗಿ ಹಬ್ಬುವ, ಬೂದು ರೋಮದ ಗಿಡ. ಕಡುಗೆಂಪು ಹೂವು, ಅದರ ನಡುವೆ ಕಾಡಿಗೆ ಬಳಿದಂತೆ ಹೊಳೆಯುವ ಉಬ್ಬು. ಗಿಡಕ್ಕೆ ತನ್ನ ಹೆಸರು ಕೊಟ್ಟ ಅನ್ವೇಷಕ ಚಾರ್ಲ್ಸ್ ಸ್ಟರ್ಟ್ ಇದನ್ನು ಕಂಡದ್ದು 1844ರಲ್ಲಿ. ಅದಕ್ಕೂ ಬಹಳ ಮೊದಲೇ, 1699ರ ಆಗಸ್ಟ್‌ನಲ್ಲಿ, ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ವಾಯವ್ಯ ಕರಾವಳಿಯಾಚೆಯ ದ್ವೀಪವೊಂದರಲ್ಲಿ ಇದನ್ನು ಕಿತ್ತಿದ್ದ. ಊರಿಗೆ ಮರಳುವಾಗ 1701ರಲ್ಲಿ ಅವನ ಹಡಗು ಅಸೆನ್ಷನ್ ದ್ವೀಪದ ಬಳಿ ಮುಳುಗಿತು, ಗಿಡಗಳು ಹೇಗೋ ಉಳಿದವು. ಆ ಹಾಳೆ ಈಗ ಆಕ್ಸ್‌ಫರ್ಡ್‌ನಲ್ಲಿದೆ.

ತಾನಿಳಿದ ಜಾಗವನ್ನು ಡ್ಯಾಂಪಿಯರ್ ರೋಸ್‌ಮೆರಿ ದ್ವೀಪ ಎಂದು ಕರೆದ. ಇಂದಿನ ನಕ್ಷೆಯಲ್ಲೂ ಆ ಹೆಸರಿನ ದ್ವೀಪವಿದೆ, ಆದರೆ ಅದು ಬೇರೆ. ಅವನು ಕಾಲಿಟ್ಟದ್ದು ಈಸ್ಟ್ ಲೂಯಿಸ್ ದ್ವೀಪ ಎಂದು ಆಮೇಲೆ ಗುರುತಿಸಲಾಯಿತು. ಹೆಸರನ್ನು ನಂಬಿ ಚುಕ್ಕೆ ಇಟ್ಟಿರೋ, ಗಿಡ ಸಮುದ್ರ ದಾಟಿಬಿಡುತ್ತದೆ!

ಶಾಸ್ತ್ರೀಯ ಹೆಸರೂ ನಿಂತಲ್ಲಿ ನಿಂತಿಲ್ಲ. ಹಳೆಯ ಹಾಳೆಗಳಲ್ಲಿ ಕ್ಲಿಯಾಂಥಸ್, 1990ರಿಂದ ಸ್ವೈನ್ಸೋನಾ. ಹಾಗೆಂದು ಹಳೆಯ ಚೀಟಿಯನ್ನು ಯಾರೂ ಕೀಳುವುದಿಲ್ಲ. ಪಕ್ಕದಲ್ಲಿ ಹೊಸದನ್ನು ಅಂಟಿಸುತ್ತೇವೆ.

ಇಂಥ ದಾಖಲೆಗಳನ್ನೆಲ್ಲ ಗಣಕಕ್ಕೆ ಏರಿಸಿ ನಕ್ಷೆ ಮಾಡಿದಾಗ ಹೊಸಬರು ಮೋಸಹೋಗುತ್ತಾರೆ. ಮರುಭೂಮಿಯಲ್ಲಿ ಚುಕ್ಕೆಗಳು ರಸ್ತೆಯ ಗುಂಟ ಸಾಲುಗಟ್ಟುತ್ತವೆ. ಗಿಡಕ್ಕೆ ರಸ್ತೆಯ ಮೇಲೆ ಮೋಹವಿಲ್ಲ, ಕಿತ್ತವರು ವಾಹನ ನಿಲ್ಲಿಸಿದ್ದು ಅಲ್ಲಿ, ಅಷ್ಟೇ. ಇದರ ಬೀಜದ ಸಿಪ್ಪೆ ಗಟ್ಟಿ. ವರ್ಷಗಟ್ಟಲೆ ಮಣ್ಣಿನಲ್ಲಿ ಬಿದ್ದಿದ್ದು, ಒಳ್ಳೆಯ ಮಳೆ ಬಿದ್ದಾಗ ಮೊಳೆಯುತ್ತದೆ. ನಕ್ಷೆಯ ಖಾಲಿ ಜಾಗದಲ್ಲಿ ಗಿಡವಿಲ್ಲ ಎನ್ನುವ ಮೊದಲು, ಮಳೆ ಬಂದ ವರ್ಷ ಅಲ್ಲಿಗೆ ಯಾರಾದರೂ ಹೋಗಿದ್ದರೇ ಎಂದು ಕೇಳಬೇಕು. ಇನ್ನೊಂದು ತಾಪತ್ರಯ: ಒಂದೇ ದಿನ ಒಂದೇ ಕಡೆ ಕಿತ್ತ ಗಿಡದ ತುಂಡುಗಳು ನಾಲ್ಕು ಹರ್ಬೇರಿಯಂಗಳಿಗೆ ಹಂಚಿಹೋಗಿರುತ್ತವೆ. ಸಂಗ್ರಾಹಕರ ಹೆಸರು ಮತ್ತು ಅವರು ಆ ಗಿಡಕ್ಕೆ ಕೊಟ್ಟ ಸಂಖ್ಯೆಯನ್ನು ತಾಳೆ ನೋಡದಿದ್ದರೆ ಒಂದು ನಾಲ್ಕಾಗುತ್ತದೆ.

ಬಣ್ಣದ್ದು ಬೇರೆಯೇ ಕಥೆ. ಒಣಗಿದ ಮೇಲೆ ಕೆಂಪು ಮಾಸುತ್ತಾ ಹೋಗುತ್ತದೆ. ಈ ಗಿಡದಲ್ಲಿ ಬಿಳಿ ಹೂವಿನವೂ ಇವೆ, ಉಬ್ಬು ಕಪ್ಪಾಗದೆ ಕೆಂಪಾಗಿಯೇ ಇರುವವೂ ಇವೆ. ಗಿಡದ ಮುಂದೆ ನಿಂತಾಗಲೇ ಅದನ್ನು ಬರೆದುಕೊಳ್ಳಬೇಕು. ಸಂಜೆ ಬಿಡಾರಕ್ಕೆ ಹೋಗಿ ಬರೆದರಾಯಿತು ಎಂದುಕೊಂಡವರ ಚೀಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ: ಊರು, ದಿನಾಂಕ, ಎತ್ತರ ಎಲ್ಲ ಇರುತ್ತವೆ, ಬಣ್ಣದ ಜಾಗ ಖಾಲಿ.