ಫ್ಲಿಚ್ ಬೀಮ್: 10 ಮಿ.ಮೀ. ಪ್ಲೇಟು 200 ಮಿ.ಮೀ. ಆಗುವುದು ಹೇಗೆ?

ಎರಡು ಮರದ ತುಂಡು, ನಡುವೆ ಒಂದು ಉಕ್ಕಿನ ಪ್ಲೇಟು, ಮೂರನ್ನೂ ಹಿಡಿದಿಡಲು ಬೋಲ್ಟು. ಇಷ್ಟೇ ಫ್ಲಿಚ್ ಬೀಮ್. ತೀರ್ಥಹಳ್ಳಿ, ಸಾಗರದ ಕಡೆ ಹಳೇ ತೊಟ್ಟಿಮನೆಯ ಅಟ್ಟದ ತೊಲೆ ಜಗ್ಗಿದಾಗ ಇದು ಒಳ್ಳೇ ದಾರಿ. ಅಷ್ಟು ದಪ್ಪದ ಮರ ಈಗ ಸುಲಭಕ್ಕೆ ಸಿಗಲ್ಲ. ಬರೀ ಉಕ್ಕು ಹಾಕಿದರೆ ಮನೆಯ ಅಂದ ಕೆಡುತ್ತದೆ.

ಲೆಕ್ಕಕ್ಕೆ ಇಳಿಯೋಣ. 75 × 250 ಮಿ.ಮೀ. ಮರ ಎರಡು, ನಡುವೆ 10 × 250 ಪ್ಲೇಟು. ಉಕ್ಕಿನ ಇ ಬೆಲೆ (E, ವಸ್ತು ಹಿಗ್ಗದೆ ಕುಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) 2,00,000, ಮರದ್ದು 10,000 ನ್ಯೂಟನ್/ಮಿ.ಮೀ² ಎಂದಿಟ್ಟುಕೊಳ್ಳಿ. ಇವೆರಡರ ಅನುಪಾತ, ಅಂದರೆ ಮಾಡ್ಯುಲರ್ ರೇಷಿಯೋ, 20. ಅಂದರೆ ಪ್ಲೇಟನ್ನು 20 ಪಟ್ಟು ಮರ ಅಂತ ನೋಡಬೇಕು.

ಎಲ್ಲರೂ ತಡವರಿಸುವುದು ಇಲ್ಲೇ. ಯಾವುದನ್ನು 20 ಪಟ್ಟು ಮಾಡುವುದು? ಅಗಲವನ್ನು ಮಾತ್ರ. ಎತ್ತರ ಮುಟ್ಟಬೇಡಿ. ಬೀಮ್ ಬಾಗಿದಾಗ ಒಂದು ಬಿಂದುವಿನ ಸ್ಟ್ರೇನ್ (ಹಿಗ್ಗು-ಕುಗ್ಗಿನ ಪ್ರಮಾಣ) ಎಷ್ಟು ಅನ್ನುವುದು ಹಿಗ್ಗದ, ಕುಗ್ಗದ ನಡುಗೆರೆಯಾದ ನ್ಯೂಟ್ರಲ್ ಆಕ್ಸಿಸ್‌ನಿಂದ ಅದು ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ. ಒಂದೇ ಮಟ್ಟದಲ್ಲಿರುವ ಮರಕ್ಕೂ ಉಕ್ಕಿಗೂ ಸ್ಟ್ರೇನ್ ಒಂದೇ, ಆದರೆ ಉಕ್ಕಿನ ಸ್ಟ್ರೆಸ್ (ಪ್ರತಿ ಮಿ.ಮೀ²ಗೆ ಬೀಳುವ ಬಲ) 20 ಪಟ್ಟು. ಆ ಜಾಸ್ತಿ ಬಲವನ್ನು ಅದೇ ಮಟ್ಟದಲ್ಲಿ ತೋರಿಸಬೇಕಾದರೆ ಪಕ್ಕಕ್ಕೆ ಹಿಗ್ಗಿಸುವುದೊಂದೇ ದಾರಿ. ಮೇಲೆ ಕೆಳಗೆ ಎಳೆದರೆ ದೂರವೇ ಬದಲಾಗುತ್ತದೆ, ಅಲ್ವಾ?

ಹಾಗಾಗಿ ಪ್ಲೇಟು 10 × 20 = 200. ಒಟ್ಟು ಅಗಲ 350. ಐ ಬೆಲೆ (I, ಅಡ್ಡಕೊಯ್ತದ ಆಕಾರ ಬಾಗುವುದನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 350 × 250³ ÷ 12, ಅಂದರೆ 45.57 ಕೋಟಿ ಮಿ.ಮೀ⁴. ಝಡ್ (Z, ಅಂದರೆ ಐ ÷ ಅರ್ಧ ಎತ್ತರ 125) 36.46 ಲಕ್ಷ ಮಿ.ಮೀ³.

ಈ ಝಡ್‌ನಿಂದ ಮೊಮೆಂಟನ್ನು (ಭಾರ ಬೀಮನ್ನು ಬಾಗಿಸುವ ಪರಿಣಾಮ) ಭಾಗಿಸಿದರೆ ಬರುವುದು ಮರದ ಸ್ಟ್ರೆಸ್. ಉಕ್ಕಿನದು ಬೇಕಾದರೆ ಮತ್ತೆ 20ರಿಂದ ಗುಣಿಸಬೇಕು. ಉಕ್ಕಿನ ಮಿತಿ 165 ನ್ಯೂಟನ್/ಮಿ.ಮೀ² (ಉಕ್ಕು ಮರಳಿ ಬಾರದಂತೆ ಹಿಗ್ಗಲು ಶುರುವಾಗುವ ಸ್ಟ್ರೆಸ್ 250ರ 0.66 ಪಟ್ಟು). ಉಕ್ಕು ಅಲ್ಲಿಗೆ ಮುಟ್ಟಿದಾಗ ಮರದಲ್ಲಿ ಬರೀ 8.25. ಮರಕ್ಕೆ 12ರವರೆಗೆ ಅವಕಾಶ ಇದ್ದರೂ ಅದು ಸುಮ್ನೆ ಉಳಿದುಹೋಗುತ್ತದೆ. ಈ ಬೀಮ್ ತಡೆಯುವ ಮೊಮೆಂಟ್ ಸುಮಾರು 30 ಕಿಲೋನ್ಯೂಟನ್ ಮೀಟರ್.

ಈಗ ಮೇಲೂ ಕೆಳಗೂ ಸಮ ಜಾಗ ಬಿಟ್ಟು ಪ್ಲೇಟಿನ ಎತ್ತರವನ್ನು 200ಕ್ಕೆ ಇಳಿಸಿ ನೋಡಿ. ಉಕ್ಕಿನಲ್ಲಿ 20% ಉಳಿತಾಯವಾಯಿತು, ಮೊಮೆಂಟ್ ಇಳಿದದ್ದು ಸುಮಾರು 10% ಮಾತ್ರ, 27ಕ್ಕೆ. ಪ್ಲೇಟಿನ ಅಂಚು ನಡುವಿಗೆ ಹತ್ತಿರ ಬಂತು, ಮರಕ್ಕೆ 10.3ರವರೆಗೆ ದುಡಿಯುವ ಅವಕಾಶ ಸಿಕ್ಕಿತು. ಕೆಳಗೆ ಉಳಿದ 25 ಮಿ.ಮೀ. ಸಂದಿಗೆ ಮರದ ಪಟ್ಟಿ ಬಡಿದರೆ ಉಕ್ಕು ಕಾಣುವುದೇ ಇಲ್ಲ. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಚಳಿಗಾಲ ಕಳೆದ ಮೇಲೆ ಕುಗ್ಗುತ್ತದೆ. ಉಕ್ಕಿಗೆ ಆ ಗೊಡವೆ ಇಲ್ಲ. ಆದ್ದರಿಂದ ಅಂಚಿನಲ್ಲಿ ಜಾಗ ಬಿಟ್ಟದ್ದೂ ಒಳ್ಳೆಯದೇ. ಆದರೆ ಐ 28% ಕಮ್ಮಿಯಾಗಿ 32.86 ಕೋಟಿಗೆ ಬಂದಿದೆ, ಡಿಫ್ಲೆಕ್ಷನ್ (ಬೀಮ್ ಜಗ್ಗುವ ಪ್ರಮಾಣ) ಮರೆಯಬೇಡಿ.

ಆಟೋಕ್ಯಾಡ್‌ನಲ್ಲಿ: ಸಾಫ್ಟ್‌ವೇರಿಗೆ ಮರ ಯಾವುದು, ಉಕ್ಕು ಯಾವುದು ಗೊತ್ತಿಲ್ಲ. ಹಿಗ್ಗಿಸಿದ ಸೆಕ್ಷನ್ನನ್ನು (ಅಡ್ಡಕೊಯ್ತವನ್ನು) ನೀವೇ ಬರೆಯಬೇಕು. ಅದನ್ನು ಬೇರೆ ಲೇಯರ್‌ನಲ್ಲಿ ಇಡಿ. ಇಲ್ಲದಿದ್ದರೆ 200 ಮಿ.ಮೀ. ದಪ್ಪದ ಪ್ಲೇಟು ನೇರ ವೆಲ್ಡಿಂಗ್ ಅಂಗಡಿಗೆ ಹೋದೀತು! ರೀಜನ್ (ಗೆರೆಗಳನ್ನು ತುಂಬಿದ ಆಕಾರವಾಗಿಸುವುದು) ಮಾಡಿ, ಯೂನಿಯನ್ (ಆಕಾರಗಳನ್ನು ಒಂದಾಗಿಸುವುದು) ಕೊಟ್ಟು, ಸೆಕ್ಷನ್ನಿನ ಅಳತೆಗಳ ಪಟ್ಟಿ ಕೊಡುವ ಮಾಸ್‌ಪ್ರಾಪ್ ಒತ್ತಿ. ಬರುವ ಪಟ್ಟಿಯಲ್ಲಿ ಮೊದಲು ಕಾಣುವ ಐ ಬೆಲೆ ಒರಿಜಿನ್ (0,0 ಬಿಂದು) ಸುತ್ತಲಿನದು, ಸೆಂಟ್ರಾಯ್ಡ್ (ಆಕಾರದ ನಡುಬಿಂದು) ಸುತ್ತಲಿನದಲ್ಲ. ಮೊದಲ ಸೆಕ್ಷನ್ನನ್ನು ಕೆಳಮೂಲೆ ಒರಿಜಿನ್‌ನಲ್ಲಿಟ್ಟು ಬರೆದಿದ್ದರೆ 182.3 ಕೋಟಿ ಬರುತ್ತದೆ. ಕೈಲೆಕ್ಕದ ಸರಿಯಾಗಿ 4 ಪಟ್ಟು. ಆಯತಕ್ಕೆ 12ರ ಬದಲು 3ರಿಂದ ಭಾಗಿಸಿದ ಹಾಗೆ. ಯುಸಿಎಸ್ (ಒರಿಜಿನ್ ಎಲ್ಲಿ ಅಂತ ತೋರಿಸುವ ಅಕ್ಷಗಳು) ಅನ್ನು ಸೆಂಟ್ರಾಯ್ಡ್‌ಗೆ ಸರಿಸಿ ಇನ್ನೊಮ್ಮೆ ಒತ್ತಿ, ಅಥವಾ ಪಟ್ಟಿಯ ಕೊನೆಯ ಪ್ರಿನ್ಸಿಪಲ್ ಮೊಮೆಂಟ್ ನೋಡಿ.

ಬೋಲ್ಟುಗಳನ್ನು ಮೇಲೊಂದು ಕೆಳಗೊಂದು ಅಂತ ಜಿಗ್‌ಜಾಗ್ ಆಗಿ ಹಾಕಿ. ಕೆಳ ಅಂಚಿಗೆ ತೀರಾ ಹತ್ತಿರ ತೂತು ಬೇಡ, ಅಲ್ಲಿ ಎಳೆತ ಜಾಸ್ತಿ.

ಇನ್ನೊಂದು. ಸದಾ ಭಾರ ಹೊತ್ತ ಮರ ವರ್ಷಗಳು ಕಳೆದಂತೆ ಮೆಲ್ಲಗೆ ಜಗ್ಗುತ್ತದೆ, ತೇವ ಇದ್ದರೆ ಇನ್ನೂ ಬೇಗ. ಅದರ ಇ ಬೆಲೆ ಇಳಿದಂತೆ ಲೆಕ್ಕ, ಆಗ ರೇಷಿಯೋ ಏರುತ್ತದೆ. ಇ 8,000 ಅಂತ ಹಿಡಿದರೆ ರೇಷಿಯೋ 25. ಮೊದಲ ಬೀಮಿನಲ್ಲೇ 30 ಕಿಲೋನ್ಯೂಟನ್ ಮೀಟರ್‌ಗೆ ಮರದ ಸ್ಟ್ರೆಸ್ 7.2ಕ್ಕೆ ಇಳಿದು, ಉಕ್ಕಿನದು 180ಕ್ಕೆ ಏರುತ್ತದೆ. ಮಿತಿ 165. ಹಾಗಾಗಿ ಉಕ್ಕನ್ನು 25ರಲ್ಲಿ, ಮರವನ್ನು 20ರಲ್ಲಿ ಚೆಕ್ ಮಾಡಿ.