ಗೃಹಲಕ್ಷ್ಮಿ: ಯಾವ ಮನೆಗೆ ಹಣ ಬರುತ್ತದೆ, ಯಾವ ಮನೆಗೆ ಬರುವುದಿಲ್ಲ

ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಕುಳಿತು ಪಿಡಿಒ, ಎಫ್‌ಡಿಎ ಮುಂತಾದ ಸರ್ಕಾರಿ ಹುದ್ದೆಗಳ ಪರೀಕ್ಷೆಗಳಿಗೆ ಓದುತ್ತಿರುವವರಿಗೆ, ಕುಟುಂಬದ ಯಜಮಾನಿಗೆ ರಾಜ್ಯ ಸರ್ಕಾರ ಹಣ ನೀಡುವ ಗೃಹಲಕ್ಷ್ಮಿ ಯೋಜನೆಯ ಮೇಲ್ನೋಟದ ವಿವರಗಳು ಬಾಯಿಪಾಠವಾಗಿರುತ್ತವೆ. 2023ರ ಜುಲೈ 19ರಂದು ನೋಂದಣಿ ಆರಂಭವಾಯಿತು, ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ದೊರೆಯಿತು, ತಿಂಗಳಿಗೆ 2,000 ರೂಪಾಯಿ, ಅನುಷ್ಠಾನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಇವನ್ನು ಇಲ್ಲಿ ಹಿಗ್ಗಿಸುವುದಿಲ್ಲ. ಒಂದು ಮನೆಯ ಸ್ಥಿತಿಗತಿಯನ್ನು ಹೇಳಿ ಆ ಮನೆ ಅರ್ಹವೇ ಎಂದು ಕೇಳಿದಾಗ ಉತ್ತರ ತಪ್ಪುವುದು ಹೆಚ್ಚು. ಆದ್ದರಿಂದ ಈ ಟಿಪ್ಪಣಿ ಅದೊಂದಕ್ಕೇ ಮೀಸಲು.

ನಿಯಮದ ತಿರುಳು

ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ನಮೂದಾಗಿರುವ ಮಹಿಳೆಯೇ ಫಲಾನುಭವಿ. ಚೀಟಿ ಅಂತ್ಯೋದಯವಾಗಿರಬಹುದು, ಬಿಪಿಎಲ್ ಆಗಿರಬಹುದು, ಎಪಿಎಲ್ ಕೂಡ ಆಗಿರಬಹುದು. ಒಂದು ಕುಟುಂಬಕ್ಕೆ ಒಬ್ಬರೇ ಫಲಾನುಭವಿ. ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಹಣ ಸಲ್ಲುವುದಿಲ್ಲ.

ಇದು ಬಡ ಕುಟುಂಬಗಳ ನೆರವೆಂದು ಹೆಸರಾಗಿದ್ದರೂ ಕುಟುಂಬದ ಒಟ್ಟು ವಾರ್ಷಿಕ ಆದಾಯ ಇಷ್ಟನ್ನು ಮೀರಿರಬಾರದೆಂಬ ಮಿತಿ ಈ ಯೋಜನೆಯಲ್ಲಿಲ್ಲ. ಎಪಿಎಲ್ ಕುಟುಂಬಗಳನ್ನು ಸೇರಿಸಿದ ಮೇಲೆ ಅಂಥ ಮಿತಿಗೆ ಜಾಗವೂ ಇರುವುದಿಲ್ಲ.

ಮಗ ತೆರಿಗೆ ಕಟ್ಟಿದರೆ

ನಮ್ಮಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ ಆದ್ದರಿಂದ ಈ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹುಬ್ಬಳ್ಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ವಿಧವೆಯಾದ ತಾಯಿ, ಸಂಬಳದಲ್ಲಿ ಆದಾಯ ತೆರಿಗೆ ಕಡಿತವಾಗುವ ಮಗ, ಹೊರಗೆ ದುಡಿಯದ ಸೊಸೆ, ಇಬ್ಬರು ಮೊಮ್ಮಕ್ಕಳು, ಎಲ್ಲರೂ ಒಂದೇ ಚೀಟಿಯಲ್ಲಿದ್ದಾರೆ ಮತ್ತು ಯಜಮಾನಿಯ ಸ್ಥಾನದಲ್ಲಿ ತಾಯಿಯ ಹೆಸರಿದೆ. ಮನೆಯಲ್ಲಿ ತೆರಿಗೆದಾರನಿದ್ದಾನೆ, ಹಾಗಾಗಿ ಹಣವಿಲ್ಲ ಎಂದು ಉತ್ತರಿಸಿದರೆ ತಪ್ಪು. ನಿಯಮವು ಯಜಮಾನಿ ಮತ್ತು ಆಕೆಯ ಪತಿ, ಈ ಇಬ್ಬರನ್ನು ಮಾತ್ರ ನೋಡುತ್ತದೆ. ತಾಯಿ ತೆರಿಗೆ ಕಟ್ಟುವುದಿಲ್ಲ, ಪತಿ ಇಲ್ಲ, ಮಗನ ತೆರಿಗೆ ಈ ಲೆಕ್ಕಕ್ಕೆ ಬರುವುದಿಲ್ಲ; ಆದ್ದರಿಂದ ಆಕೆ ಅರ್ಹಳು.

ಈಗ ಅದೇ ಮನೆಯಲ್ಲಿ ತಾಯಿ ತೀರಿಕೊಂಡರು, ಚೀಟಿ ತಿದ್ದುಪಡಿಯಾಗಿ ಸೊಸೆ ಯಜಮಾನಿಯಾದಳು ಎಂದುಕೊಳ್ಳಿ. ಮನೆಯ ಆದಾಯದಲ್ಲಿ ಒಂದು ರೂಪಾಯಿಯೂ ಹೆಚ್ಚಿಲ್ಲ, ದುಡಿಯುವವನೂ ಅವನೇ. ಆದರೆ ಇಲ್ಲಿಯವರೆಗೆ ಯಜಮಾನಿಯ ಮಗನಾಗಿದ್ದವನು ಈಗ ಯಜಮಾನಿಯ ಪತಿಯಾಗಿದ್ದಾನೆ; ಆದ್ದರಿಂದ ಸೊಸೆ ಅರ್ಜಿ ಹಾಕಿದರೂ ಅನರ್ಹಳು. ಈ ಯೋಜನೆ ಅಳೆಯುವುದು ಮನೆಯ ಬಡತನವನ್ನಲ್ಲ, ಚೀಟಿಯ ಮೇಲಿರುವ ಹೆಸರಿನ ಮತ್ತು ಆಕೆಯ ಗಂಡನ ತೆರಿಗೆ ಸ್ಥಿತಿಯನ್ನು. ನ್ಯಾಯವೋ ಅನ್ಯಾಯವೋ ಎಂಬ ಚರ್ಚೆಯನ್ನು ಪ್ರಬಂಧ ಪತ್ರಿಕೆಗೆ ಉಳಿಸಿಕೊಳ್ಳೋಣ. ವಸ್ತುನಿಷ್ಠ ಪ್ರಶ್ನೆಗೆ ನಾನು ಇಟ್ಟುಕೊಂಡಿರುವ ಕ್ರಮ ಇಷ್ಟೇ: ಮೊದಲು ಯಜಮಾನಿ ಯಾರು ಎಂದು ನೋಡಬೇಕು, ಆಮೇಲೆ ಆಕೆಯ ಗಂಡನನ್ನು ನೋಡಬೇಕು, ಅಲ್ಲಿಗೆ ನಿಲ್ಲಿಸಬೇಕು.

ಇದೇ ಕ್ರಮವನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮನೆಗೂ ಹಚ್ಚಿ ನೋಡಬಹುದು. ಗಂಡ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಆ ವರ್ಷ ಅವನಿಗೆ ನಷ್ಟವಾಗಿದ್ದರೂ ಹೆಂಡತಿ ಅನರ್ಹಳು, ಏಕೆಂದರೆ ಅಲ್ಲಿ ನೋಡುವುದು ರಿಟರ್ನ್ಸ್ ಸಲ್ಲಿಕೆಯನ್ನೇ ಹೊರತು ಲಾಭವನ್ನಲ್ಲ.

ಯಜಮಾನಿ ಯಾರೆಂಬುದಕ್ಕೂ ಕಾನೂನಿನ ಆಧಾರವಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಮಿನಂತೆ ಅರ್ಹ ಕುಟುಂಬದಲ್ಲಿ 18 ವರ್ಷಕ್ಕೆ ಕಡಿಮೆಯಿಲ್ಲದ ಹಿರಿಯ ಮಹಿಳೆಯೇ ಪಡಿತರ ಚೀಟಿಯ ಉದ್ದೇಶಕ್ಕೆ ಕುಟುಂಬದ ಮುಖ್ಯಸ್ಥೆ. ಅತ್ತೆ ಮತ್ತು ಸೊಸೆ ಒಂದೇ ಚೀಟಿಯಲ್ಲಿರುವಾಗ ಅತ್ತೆಗೆ ಹಣ ಹೋಗುವುದು ಇದರಿಂದಲೇ.

ಚೀಟಿಯದು ಬೇರೆ ಜರಡಿ

ಬಿಪಿಎಲ್ ಚೀಟಿ ಪಡೆಯುವ ಮಾನದಂಡ ಮತ್ತು ಗೃಹಲಕ್ಷ್ಮಿಯ ಮಾನದಂಡ ಎರಡು ಪ್ರತ್ಯೇಕ ಜರಡಿಗಳು, ಅವುಗಳ ಕಣ್ಣುಗಳು ಒಂದೇ ಅಳತೆಯವಲ್ಲ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿರಬಾರದು, ಗ್ರಾಮೀಣ ಕುಟುಂಬಕ್ಕೆ 3 ಹೆಕ್ಟೇರ್‌ಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿ ಇರಬಾರದು, ನಗರದಲ್ಲಿ 1,000 ಚದರ ಅಡಿ ಮೀರಿದ ಸ್ವಂತ ಮನೆ ಇರಬಾರದು, ಮತ್ತು ಜೀವನೋಪಾಯದ ಒಂದು ವಾಣಿಜ್ಯ ವಾಹನವನ್ನು ಬಿಟ್ಟರೆ ನಾಲ್ಕು ಚಕ್ರದ ವಾಹನ ಇರಬಾರದು. ಉತಾರದಲ್ಲಿ (ಪಹಣಿಯಲ್ಲಿ) ಎಕರೆ, ಗುಂಟೆಗಳಿರುವುದರಿಂದ 3 ಹೆಕ್ಟೇರ್ ಎಂದರೆ ಸುಮಾರು 7 ಎಕರೆ 16 ಗುಂಟೆ ಎಂದು ನೆನಪಿಡುವುದು ಒಳ್ಳೆಯದು. ರೋಣದ ಕಡೆಯ 7 ಎಕರೆ ಮಳೆಯಾಶ್ರಿತ ಎರೆ ಹೊಲ ಈ ಮಿತಿಯೊಳಗಿದೆ. ನರಗುಂದದ ಕಡೆ ಮಲಪ್ರಭಾ ಕಾಲುವೆಯ ನೀರುಣ್ಣುವ 7 ಎಕರೆಯನ್ನು ಅದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಬಿಪಿಎಲ್‌ನಲ್ಲಿ ಇಡೀ ಕುಟುಂಬವನ್ನು ನೋಡುವುದರಿಂದ ಮೇಲಿನ ಹುಬ್ಬಳ್ಳಿಯ ಮನೆಯಲ್ಲಿ ಮಗನ ತೆರಿಗೆ ಇಲ್ಲಿ ಅಡ್ಡ ಬರುತ್ತದೆ ಮತ್ತು ಚೀಟಿ ಎಪಿಎಲ್ ಆಗುತ್ತದೆ. ಆಗ ಕೈತಪ್ಪುವುದು ಅನ್ನಭಾಗ್ಯದ ಅಕ್ಕಿ. ತಾಯಿಯ 2,000 ರೂಪಾಯಿ ಅದರಿಂದ ನಿಲ್ಲಬೇಕಾಗಿಲ್ಲ. ಚೀಟಿ ಎಪಿಎಲ್ ಆಯಿತೆಂದರೆ ಎಲ್ಲವೂ ಹೋಯಿತೆಂದು ಊರಲ್ಲಿ ಆಡುವ ಮಾತು ಈ ಎರಡು ಜರಡಿಗಳನ್ನು ಒಂದೆಂದು ತಿಳಿದದ್ದರಿಂದ ಹುಟ್ಟಿದ್ದು.

ಇನ್ನೊಂದು 2,000

ಪಿಎಂ-ಕಿಸಾನ್ ಯೋಜನೆಯ ಕಂತೂ 2,000 ರೂಪಾಯಿಯೇ ಆಗಿರುವುದರಿಂದ ಪ್ರಶ್ನೆಯ ಆಯ್ಕೆಗಳಲ್ಲಿ ಇವೆರಡನ್ನು ಬೆರೆಸಿ ಕೊಡುವುದು ಸುಲಭ. ಅದು ಕೇಂದ್ರದ ಹಣ, ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ, ಭೂಮಿಯಿರುವ ರೈತ ಕುಟುಂಬಕ್ಕೆ. ಅಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು, ಪಡಿತರ ಚೀಟಿಯಲ್ಲಿರುವವರೆಲ್ಲ ಅಲ್ಲ. ಹೀಗಾಗಿ 2019ರ ಫೆಬ್ರುವರಿ 1ಕ್ಕೆ ಮೊದಲೇ ತಾಯಿಯ ಹೆಸರಿಗೂ ಮದುವೆಯಾದ ಮಗನ ಹೆಸರಿಗೂ ಬೇರೆ ಬೇರೆ ಉತಾರಗಳಿದ್ದರೆ ಪಿಎಂ-ಕಿಸಾನ್ ಲೆಕ್ಕದಲ್ಲಿ ಅವರು ಎರಡು ಕುಟುಂಬ, ಗೃಹಲಕ್ಷ್ಮಿಯ ಲೆಕ್ಕದಲ್ಲಿ ಒಂದೇ ಚೀಟಿಯ ಒಂದೇ ಕುಟುಂಬ.

ಜಮೆಯ ವಿಷಯ

ಹಣ ನೇರ ನಗದು ವರ್ಗಾವಣೆಯ ಮೂಲಕ ಬರುವುದರಿಂದ ಯಜಮಾನಿಯ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು. ಎರಡು ಮೂರು ಖಾತೆಗಳಿದ್ದರೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ದಾಖಲೆಯಲ್ಲಿ ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಅರ್ಹತೆಯಿದ್ದೂ ಹಣ ಕಾಣದವರು ಮೊದಲು ಇದನ್ನು ನೋಡಿಕೊಳ್ಳಬೇಕು.